ಒಡೆಯದ ಹನ್ನೊಂದು ಚುಕ್ಕೆಗಳು

2012ರ ಜೂನ್ 12, ಮಂಗಳವಾರ. ಬೆಳಗ್ಗೆ 11.20ಕ್ಕೆ ಡಾಕ್ಟರ್ ಯಜ್ಞೇಶ್ವರ ಉಪಾಧ್ಯರು ಡೊಂಬಿವಲಿ ಪೂರ್ವದ ಪೊಲೀಸ್ ಠಾಣೆಗೆ ಬಂದರು. ಅರವತ್ತು ದಾಟಿದ ವಯಸ್ಸು, ಮಳೆಗೆ ನೆನೆದ ಪ್ಯಾಂಟಿನ ಅಂಚು, ಕಂಕುಳಲ್ಲಿ ಒಂದು ದಪ್ಪ ಪುಸ್ತಕ. ಕಲ್ಲು ಕ್ರಷರ್‌ಗಳಲ್ಲಿ ದುಡಿಯುವವರ ಶ್ವಾಸಕೋಶ ಪರೀಕ್ಷಿಸುವ ಸಣ್ಣದೊಂದು ಟ್ರಸ್ಟಿಗೆ ಅವರು ಮುಖ್ಯಸ್ಥರು. ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು:

“ನಮ್ಮ ಆಫೀಸಿನ ಹುಡುಗಿಯೇ ನಮಗೆ ಮೋಸ ಮಾಡಿದಳು ಮಾರಾಯ್ರೆ.”

ಇನ್ಸ್‌ಪೆಕ್ಟರ್ ಗುಣಪಾಲ ಚೌಗುಲೆ ಜತ್ತ ತಾಲೂಕಿನವನು, ಮನೆಮಾತು ಕನ್ನಡ. ಕನ್ನಡದವರು ಬಂದರೆ ಠಾಣೆಯವರು ಅವನ ಟೇಬಲ್ಲಿಗೇ ಅಟ್ಟುತ್ತಿದ್ದರು. ಅವನು ಪೆನ್ನಿನ ಟೊಪ್ಪಿ ತೆಗೆದ.

“ಎಂಥಾ ಮೋಸರಿ? ರೊಕ್ಕದ್ದೇನು?”

“ಹಣದ್ದಲ್ಲ. ಚುಕ್ಕೆಗಳದ್ದು.”

ಗುಣಪಾಲ ಪೆನ್ನು ಕೆಳಗಿಟ್ಟ. ಹದಿನೆಂಟು ವರ್ಷದ ನೌಕರಿಯಲ್ಲಿ ಮಂಗಳಸೂತ್ರ ಕಳುವಾದ ದೂರು ಬರೆದಿದ್ದ, ಬಿಲ್ಡಿಂಗಿನ ಲಿಫ್ಟಿನ ಮೋಟಾರು ಕದ್ದ ದೂರು ಬರೆದಿದ್ದ, ಗಿಳಿ ಕದ್ದ ದೂರನ್ನೂ ಒಮ್ಮೆ ಬರೆದಿದ್ದ. ಚುಕ್ಕೆಯ ದೂರು ಇದೇ ಮೊದಲು.

ಡಾಕ್ಟರು ಪುಸ್ತಕದ ಹದಿನಾಲ್ಕನೇ ಪುಟ ಬಿಡಿಸಿಟ್ಟು, ಪಕ್ಕದಲ್ಲಿ ಮಡಚಿದ ಹಾಳೆಯೊಂದನ್ನು ಹರವಿದರು. ಎರಡರಲ್ಲೂ ಒಂದೇ ನಕ್ಷೆ. ಕೆಳಗಿನ ಅಡ್ಡಗೆರೆಯಲ್ಲಿ ಕ್ರಷರಿನಲ್ಲಿ ಎಷ್ಟು ವರ್ಷ ದುಡಿದರು ಎಂಬುದು. ನಿಂತ ಗೆರೆಯಲ್ಲಿ ಯಂತ್ರಕ್ಕೆ ಊದಿಸಿ ಅಳೆದ ಉಸಿರಿನ ಬಲ, ನೂರಕ್ಕೆ ಎಷ್ಟು ಎಂಬುದು. ನಡುವೆ ಕಿಕ್ಕಿರಿದ ಬೂದು ಚುಕ್ಕೆಗಳು.

“ಒಂದು ಚುಕ್ಕೆ ಅಂದ್ರೆ ಒಬ್ಬ ಕೆಲಸಗಾರನ ಒಂದು ಪರೀಕ್ಷೆ. ನಾಲ್ಕು ವರ್ಷದ ಲೆಕ್ಕ, ಒಟ್ಟು 9,214. ಈಗ ಈ ಬಲಗಡೆಯ ಕೆಳಮೂಲೆ ನೋಡಿ. ಹಾಳೆಯಲ್ಲಿ ಖಾಲಿ. ಪುಸ್ತಕದಲ್ಲಿ?”

ಪುಸ್ತಕದ ಆ ಮೂಲೆಯಲ್ಲಿ ಚುಕ್ಕೆಗಳಿದ್ದವು. ಗುಣಪಾಲ ಬೆರಳಿಟ್ಟು ಎಣಿಸಿದ. ಹನ್ನೊಂದು. ಉಳಿದವೆಲ್ಲ ಮಸುಕಾಗಿದ್ದರೆ ಈ ಹನ್ನೊಂದು ಮಾತ್ರ ಚೂಪಾಗಿ, ಕಡುಕಪ್ಪಾಗಿ ಕೂತಿದ್ದವು.

ವಿಷಯ ಹೀಗಿತ್ತು. ಮುಂಬ್ರಾ ಗುಡ್ಡದ ಆಚೆಗಿನ ಕ್ರಷರ್‌ಗಳಲ್ಲಿ ದೂಳು ಅಡಗಲು ನೀರು ಸಿಂಪಡಿಸುವ ಏರ್ಪಾಡಿಲ್ಲ. ಅದಾಗುವವರೆಗೆ ಯಂತ್ರ ನಿಲ್ಲಿಸಬೇಕೆಂದು ಕೆಲಸಗಾರರು ಥಾಣೆಯ ಕಾರ್ಮಿಕ ಅಧಿಕಾರಿಯ ಮುಂದೆ ಹೋಗಿದ್ದರು. ಅವರಿಗಿದ್ದ ಮುಖ್ಯ ಆಧಾರ ಟ್ರಸ್ಟಿನ ಈ ವರದಿ. ಜೂನ್ 8ರ ವಿಚಾರಣೆಯಲ್ಲಿ ಮಾಲೀಕರ ವಕೀಲ ಅಚ್ಚಾದ ಪುಸ್ತಕವನ್ನೂ, ಅದರ ಜೊತೆ ಕೊಟ್ಟ ಸೀಡಿಯಿಂದ ತೆಗೆಸಿದ ಹಾಳೆಯನ್ನೂ ಎತ್ತಿ ಹಿಡಿದು, ‘ಇವರು ರೋಗಿಗಳನ್ನು ಪೆನ್ಸಿಲಿನಿಂದ ಹುಟ್ಟಿಸುತ್ತಾರೆ’ ಎಂದು ನಕ್ಕುಬಿಟ್ಟಿದ್ದ. ಜೂನ್ 22ರೊಳಗೆ ವಿವರಣೆ ಕೊಡದಿದ್ದರೆ ವರದಿಯನ್ನು ಕೈಬಿಡುವುದಾಗಿ ಅಧಿಕಾರಿ ಹೇಳಿದ್ದರು.

“ನಕ್ಷೆ ಮಾಡಿದವರು ಯಾರು?”

“ನಿಶ್ಮಿತಾ. ನಮ್ಮ ಅಂಕಿಅಂಶದ ಕೆಲಸದವಳು. ಮೇ 28ಕ್ಕೆ ಸೀಡಿಯೂ ಅವಳೇ ಕೊಟ್ಟದ್ದು, ಅಚ್ಚಿಗೆ ಪೆನ್‌ಡ್ರೈವೂ ಅವಳೇ ಕೊಟ್ಟದ್ದು. ಪೆನ್‌ಡ್ರೈವಿನಲ್ಲಿ ಈಗಲೂ ಹನ್ನೊಂದು ಚುಕ್ಕೆ ಉಂಟು. ಕೆಲಸಗಾರರ ಮೇಲೆ ಕನಿಕರ ಹೆಚ್ಚಾಯ್ತು ಅಂತ ಕಾಣ್ತದೆ.”

“ನಡುವೆ ಪೆನ್‌ಡ್ರೈವ್ ಮತ್ಯಾರ ಕೈಗೆ ಹೋಗಿತ್ತು?”

“ಸ್ಟೇಷನ್ ಹತ್ರದ ಕಮಲಾಕ್ಷನ ಅಂಗಡಿಗೆ, ಪ್ರಿಂಟಿಗೆ. ಮೂಲ್ಕಿ ಕಡೆಯವ, ಎಂಟು ವರ್ಷದ ಪರಿಚಯ. ಅವ ಎಂತ ಮಾಡ್ಲಿಕ್ಕಾಗ್ತದೆ? ಪಿಡಿಎಫ್ ಅಂದ್ರೆ ಕಲ್ಲಲ್ಲಿ ಕೆತ್ತಿದ ಹಾಗೆ, ಯಾರಿಗೂ ಮುಟ್ಟಲಿಕ್ಕಾಗುವುದಿಲ್ಲ.”

ಗುಣಪಾಲ ತಲೆಯಾಡಿಸಿದ. ಪಿಡಿಎಫ್ ವಿಷಯದಲ್ಲಿ ಅವನ ಜ್ಞಾನವೂ ಅಷ್ಟೇ ಇತ್ತು ಎಂಬುದನ್ನು ಇಲ್ಲಿ ಹೇಳಿಬಿಡುವುದೇ ಒಳ್ಳೆಯದು. ಇಬ್ಬರು ದೊಡ್ಡ ಮನುಷ್ಯರು ಎದುರುಬದುರು ಕೂತು ಒಂದೇ ತಪ್ಪಿಗೆ ತಲೆಯಾಡಿಸಿದ್ದರಿಂದ ಮುಂದೆ ಮೂರು ದಿನ ನೀರುಪಾಲಾದವು.

ಮಧ್ಯಾಹ್ನ 12.50ಕ್ಕೆ ಸುಳ್ಳು ದಾಖಲೆ ಸೃಷ್ಟಿಸಿ ಬಳಸಿದ ಆರೋಪಕ್ಕೆ ಐಪಿಸಿ 468, 471 ಮತ್ತು ಐಟಿ ಕಾಯ್ದೆ 66ರಡಿ ಎಫ್‌ಐಆರ್ ದಾಖಲಾಯಿತು. ಐಟಿ ಕಾಯ್ದೆಯ ಪ್ರಕರಣವನ್ನು ಇನ್ಸ್‌ಪೆಕ್ಟರ್ ದರ್ಜೆಯವನೇ ತನಿಖೆ ಮಾಡಬೇಕು. ಆ ದಿನ ಠಾಣೆಯಲ್ಲಿ ಕೈ ಖಾಲಿಯಿದ್ದ ಇನ್ಸ್‌ಪೆಕ್ಟರ್ ಗುಣಪಾಲನೊಬ್ಬನೇ. ಸಂಶಯಿತರ ಹೆಸರಿನ ಜಾಗದಲ್ಲಿ ನಿಶ್ಮಿತಾಳ ಹೆಸರು ಬಿತ್ತು.

ಮರುದಿನ, ಜೂನ್ 13ರಂದು, ಗುಣಪಾಲ ಮಹಿಳಾ ಪೇದೆ ಸೋನಾಲಿ ರಾಠೋಡಳನ್ನು ಕರೆದುಕೊಂಡು ಥಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಕೋಪರಖೈರಣೆಗೆ ಹೋದ. ಸೋನಾಲಿಯ ಅಪ್ಪ ಅಮ್ಮ ವಿಜಯಪುರದ ಕಡೆಯವರು, ಅವಳು ಹುಟ್ಟಿದ್ದು ಥಾಣೆ ಪಕ್ಕದ ಕಳವಾ ಎಂಬ ಊರಿನಲ್ಲಿ. ಗುಣಪಾಲ ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರಿಸುವುದು, ಇದು ಇಬ್ಬರಿಗೂ ರೂಢಿ. ಸ್ಥಳೀಯ ಠಾಣೆಯ ಡೈರಿಯಲ್ಲಿ ಬಂದ ವೇಳೆ ಬರೆಸಿ, 10.40ಕ್ಕೆ ಅವರು ನಿಶ್ಮಿತಾಳ ಮನೆಯ ಗಂಟೆ ಒತ್ತಿದರು.

ಬಾಗಿಲು ತೆಗೆದವಳೇ ನಿಶ್ಮಿತಾ. ಇಪ್ಪತ್ತಾರು ವರ್ಷ, ನಿದ್ದೆಗೆಟ್ಟು ಊದಿದ ಕಣ್ಣು. ಒಳಗಿನಿಂದ ತಾಯಿ ತುಳುವಿನಲ್ಲಿ ಏನೋ ಕೇಳಿದರು.

“ಸರ್, ನನ್ನನ್ನು ಅರೆಸ್ಟ್ ಮಾಡ್ತೀರಾ?”

“ಇವತ್ತಿಲ್ಲ. ಮೊದಲ ಹೇಳು, ಆ ಹನ್ನೊಂದು ಚುಕ್ಕಿ ನೀ ಇಟ್ಟಿ?”

“ಇಲ್ಲ ಸರ್. ಸಚ್ ಮೇ, ನಿಜವಾಗಿ ಇಲ್ಲ. ತೋರಿಸ್ತೇನೆ, ಐದು ನಿಮಿಷ ಕೊಡಿ.”

ಅವಳು ಲ್ಯಾಪ್‌ಟಾಪ್ ತೆರೆದು ತನ್ನ ಮೂಲ ನಕ್ಷೆಯನ್ನು ಪರದೆಯ ಮೇಲೆ ತಂದಳು. ನಕ್ಷೆಯನ್ನು ದೊಡ್ಡದು ಮಾಡುತ್ತ ಹೋದಳು: ನಾಲ್ಕು ಪಟ್ಟು, ಹದಿನಾರು ಪಟ್ಟು. ಗೆರೆಗಳೂ ಅಂಕಿಗಳೂ ಎಷ್ಟು ದೊಡ್ಡದಾದರೂ ನುಣುಪಾಗಿಯೇ ಉಳಿದವು. ಚುಕ್ಕೆಗಳು ಮಾತ್ರ ಒಡೆದು ಬೂದು ಬಣ್ಣದ ಚೌಕಗಳಾದವು.

“ರಂಗೋಲಿ ಗೊತ್ತುಂಟಲ್ಲ ಸರ್? ನೆಲದ ಮೇಲೆ ಬಿಡಿಸಿದ್ದು ಒಂದು. ಹತ್ತಿರ ಹೋಗಿ ನೋಡಿದ್ರೆ ಬರೀ ಪುಡಿಯ ಕಾಳು. ಇದು ಬಿಟ್‌ಮ್ಯಾಪ್. ಇನ್ನೊಂದು, ‘ಎಂಟು ಚುಕ್ಕಿ ಇಡು, ಇಲ್ಲಿಂದ ಅಲ್ಲಿಗೆ ಗೆರೆ ಎಳಿ’ ಅಂತ ಬಾಯಲ್ಲಿ ಹೇಳಿಕೊಟ್ಟದ್ದು. ಅದನ್ನು ಅಂಗೈಯಲ್ಲೂ ಬಿಡಿಸಬಹುದು, ಮೈದಾನದಲ್ಲೂ ಬಿಡಿಸಬಹುದು, ಹಾಳಾಗುವುದಿಲ್ಲ. ಅದು ವೆಕ್ಟರ್.”

“ಒಂದರಾಗ ಎರಡೂ ಯಾಕ ಕಲಸೀದಿ?”

“ಒಂಬತ್ತು ಸಾವಿರ ಚುಕ್ಕೆಗೂ ಹಾಗೆ ಹೇಳಿಕೊಟ್ರೆ ಫೈಲು ಭಾರಿ ಹೆವಿ ಆಗ್ತದೆ. ಆಫೀಸಿನ ಕಂಪ್ಯೂಟರ್ ಲಟಕ್ ಜಾತಾ ಹೈ, ಹ್ಯಾಂಗ್ ಆಗ್ತದೆ, ಪ್ರಿಂಟರ್ ಅರ್ಧದಲ್ಲಿ ನಿಲ್ತದೆ. ಅದಕ್ಕೇ ಚುಕ್ಕೆಗಳನ್ನೆಲ್ಲ ಸೇರಿಸಿ ಒಂದು ಚಿತ್ರ ಮಾಡಿದೆ, ಗೆರೆ ಅಂಕಿ ಮಾತ್ರ ವೆಕ್ಟರ್ ಇಟ್ಟೆ. ಈಗ ಆ ಪೆನ್‌ಡ್ರೈವಿನ ಫೈಲು ತೋರಿಸಿ.”

ಗುಣಪಾಲ ತಂದಿದ್ದ ನಕಲನ್ನು ಕೊಟ್ಟ. ಅವಳು ಅದನ್ನೂ ಹದಿನಾರು ಪಟ್ಟು ಹಿಗ್ಗಿಸಿದಳು. ಬೂದು ಚುಕ್ಕೆಗಳು ಮೊದಲಿನಂತೆಯೇ ಚೌಕಗಳಾಗಿ ಒಡೆದವು. ಮೂಲೆಯ ಹನ್ನೊಂದು ಒಡೆಯಲಿಲ್ಲ. ತಟ್ಟೆಯಷ್ಟು ದೊಡ್ಡದಾದರೂ ದುಂಡಗೆ, ನುಣ್ಣಗೆ, ಕಡುಕಪ್ಪಗೆ ನಿಂತವು.

“ಅರೇ ದೇವಾ,” ಎಂದಳು ಸೋನಾಲಿ.

“ನಾನು ಹಾಕಿದ್ದರೆ ಎಲ್ಲದರ ಜೊತೆ ಅವೂ ಒಡೀಬೇಕಿತ್ತು ಸರ್. ಇದು ಯಾರೋ ಆಮೇಲೆ ಮೇಲಿನಿಂದ ಇಟ್ಟದ್ದು.”

ಗುಣಪಾಲನಿಗೆ ಅರ್ಥವಾಯಿತು, ಒಳಗೊಳಗೆ ಖುಷಿಯೂ ಆಯಿತು. ಆದರೆ ಪೊಲೀಸ್ ಬುದ್ಧಿ ಸುಮ್ಮನಿರಬೇಕಲ್ಲ. “ಇಷ್ಟೆಲ್ಲಾ ಗೊತ್ತಿದ್ದಾಕಿ ನೀನೇ ಬೇಕಂತ ಹಿಂಗ ಇಟ್ಟಿರಬಹುದಲ್ಲಾ?” ಎಂದ.

ನಿಶ್ಮಿತಾ ಅವನ ಮುಖ ನೋಡಿದಳು. “ಇಷ್ಟೆಲ್ಲಾ ಗೊತ್ತಿದ್ದವಳು ಇಷ್ಟು ಕೆಟ್ಟದಾಗಿ ಯಾಕೆ ಇಡಲಿ ಸರ್? ಮೂಲ ಅಂಕಿಗಳೇ ನನ್ನ ಹತ್ರ ಉಂಟು. ಹನ್ನೊಂದು ಸಾಲು ಸೇರಿಸಿದ್ರೆ ಯಾರಪ್ಪನಿಗೂ ಗೊತ್ತಾಗ್ತಿರಲಿಲ್ಲ.”

ಮಾತಿನಲ್ಲಿ ತೂಕವಿತ್ತು. ಆದರೆ ಕೋರ್ಟಿಗೆ ಮಾತಿನ ತೂಕ ಸಾಲದು. ಹನ್ನೊಂದು ಚುಕ್ಕೆ ಒಂದೊಂದೂ ಎಷ್ಟನೇ ವರ್ಷಕ್ಕೆ, ಎಷ್ಟು ಉಸಿರಿಗೆ ಕೂತಿದೆ ಎಂದು ಅವಳಿಂದಲೇ ಅಳೆಯಿಸಿ ಗುಣಪಾಲ ಡೈರಿಯಲ್ಲಿ ಬರೆದುಕೊಂಡ. ಒಂಬತ್ತು ವರ್ಷಕ್ಕೆ ಮೂವತ್ತೊಂದು, ಹದಿನಾಲ್ಕಕ್ಕೆ ಇಪ್ಪತ್ತಾರು, ಹೀಗೆ. ಅಳೆಯುವಾಗ ನಿಶ್ಮಿತಾ ಇನ್ನೊಂದು ಮಾತು ಹೇಳಿದಳು: “ಈ ಪುಟದಲ್ಲಿ ಅಂಕಿಗಳನ್ನು ಸೆಲೆಕ್ಟ್ ಮಾಡ್ಲಿಕ್ಕೇ ಆಗುವುದಿಲ್ಲ. ಅಕ್ಷರ ಅಕ್ಷರವಾಗಿ ಉಳಿದಿಲ್ಲ, ಬರೀ ಆಕಾರ. ಬೇರೆ ಎಲ್ಲ ಪುಟ ಸರಿ ಉಂಟು. ಹೀಗೆ ಎಂತಕ್ಕೆ ಮಾಡಿದ್ದೋ!” ಗುಣಪಾಲ ಅದನ್ನೂ ಬರೆದುಕೊಂಡ. ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯನ್ನೂ ಪಕ್ಕದ ಮನೆಯವರನ್ನೂ ಪಂಚರನ್ನಾಗಿಸಿ, ಪಂಚನಾಮೆ ಬರೆದು ಲ್ಯಾಪ್‌ಟಾಪ್ ಜಪ್ತಿ ಮಾಡಿದ.

14 ಮತ್ತು 15ರಂದು ಅವನು ಮಾಲೀಕರ ಬೆನ್ನು ಹತ್ತಿದ. ವರದಿಯ ಮಾನ ಹೋದರೆ ಲಾಭ ಅವರಿಗೆ ತಾನೆ? ಮೋಸ ಎದ್ದುಕಾಣಲಿ ಎಂದೇ ಅವರು ಚುಕ್ಕೆ ಇಡಿಸಿರಬಹುದು. ಆದರೆ ಪುಸ್ತಕ ಕಾರ್ಮಿಕ ಅಧಿಕಾರಿಯ ಕಚೇರಿ ಸೇರುವವರೆಗೆ ಅವರ ಕಡೆಯವರಾರೂ ಪೆನ್‌ಡ್ರೈವಿನ ಹತ್ತಿರ ಸುಳಿದಿರಲಿಲ್ಲ. ಫೋನ್ ಕರೆಗಳ ಪಟ್ಟಿಯಲ್ಲೂ ಏನೂ ಸಿಗಲಿಲ್ಲ. ಇತ್ತ ಡಾಕ್ಟರು ದಿನಕ್ಕೆ ಮೂರು ಸಲ ಫೋನ್ ಮಾಡಿ, ಅರೆಸ್ಟ್ ಯಾವಾಗ ಎಂದು ಕೇಳುತ್ತಿದ್ದರು. ಶುಕ್ರವಾರ ಸಂಜೆ ಹಿರಿಯ ಇನ್ಸ್‌ಪೆಕ್ಟರ್ ಕರೆದು ಹೇಳಿದರು: “ಚೌಗುಲೆ, ಸೋಮವಾರ ಆ ಹುಡುಗಿಯನ್ನು ಒಳಗೆ ತಗೋ. 22ಕ್ಕೆ ಮೊದಲು ಏನಾದರೂ ಆಗಬೇಕು.”

468 ಜಾಮೀನಿಲ್ಲದ ಕಲಮು. ಒಮ್ಮೆ ಒಳಗೆ ಹೋದರೆ ಆ ಹುಡುಗಿಗೆ ಮತ್ತೆ ಯಾರೂ ಒಂದು ಅಂಕಿಯನ್ನೂ ನಂಬಿ ಕೊಡುವುದಿಲ್ಲ. ತಪ್ಪು ಮನುಷ್ಯಳನ್ನು ಹಿಡಿಯಲು ಹೊರಟಿದ್ದೇನೆ ಎಂದು ಗುಣಪಾಲನ ಮನಸ್ಸು ಕೊರೆಯುತ್ತಿತ್ತು, ಕೈಯಲ್ಲಿ ಮಾತ್ರ ಬೇರೆ ಹೆಸರಿರಲಿಲ್ಲ.

ಜೂನ್ 16, ಶನಿವಾರ ಬೆಳಗ್ಗೆ ಚಹಾ ಕುಡಿಯುತ್ತ ಅವನು ಡೈರಿಯನ್ನು ಮತ್ತೆ ಮೊದಲಿನಿಂದ ಗಟ್ಟಿಯಾಗಿ ಓದಿದ. ‘ಅಕ್ಷರ ಅಕ್ಷರವಾಗಿ ಉಳಿದಿಲ್ಲ, ಬರೀ ಆಕಾರ’ ಎಂಬಲ್ಲಿಗೆ ಬಂದಾಗ ಸೋನಾಲಿ ಕಪ್ಪು ಕೆಳಗಿಟ್ಟಳು.

“ಸರ್, ವೋ ತೋ ಕರ್ವ್ ಹೈ.”

“ಏನು?”

“ಕರ್ವ್, ಸರ್. ಹೋದ ವರ್ಷದ ನಮ್ಮ ಮಹಿಳಾ ಹೆಲ್ಪ್‌ಲೈನ್ ಬೋರ್ಡು ನೆನಪಿದೆಯಾ? ಆಪ್ ಹೀ ನೇ ಭೇಜಾ ಥಾ.” ಅವಳನ್ನು ಕಳಿಸಿದ್ದು ಅವನೇ ಹೌದು. ಅಷ್ಟು ಕನ್ನಡ ಆಡಿದ್ದೇ ಅವಳಿಗೆ ದೊಡ್ಡದು, ಉಳಿದುದನ್ನು ಹಿಂದಿಯಲ್ಲಿ ಹೇಳಿದಳು. ಅವಳು ಒಯ್ದ ಫೈಲು ಪ್ರಿಂಟಿನವನ ಕಂಪ್ಯೂಟರಿನಲ್ಲಿ ತೆರೆದಾಗ ಮರಾಠಿ ಅಕ್ಷರಗಳೆಲ್ಲ ಇರುವೆ ಹರಿದ ಹಾಗಾಗಿದ್ದವಂತೆ. ಅವನ ಬಳಿ ಆ ಫಾಂಟ್ ಇರಲಿಲ್ಲ. ಕರ್ವ್ ಮಾಡದೆ ಫೈಲು ತರುತ್ತಾರೇನು ಎಂದು ಬೈದನಂತೆ. ಕರ್ವ್ ಮಾಡಿದರೆ ಅಕ್ಷರ ಚಿತ್ರದ ಗೆರೆಯಾಗಿಬಿಡುತ್ತದೆ, ಫಾಂಟ್ ಇರಲಿ ಬಿಡಲಿ ಕೆಡುವುದಿಲ್ಲ. ಡಿಟಿಪಿ ಕೆಲಸದವರು ಹಾಗೆ ಮಾಡದೆ ಒಂದು ಫೈಲನ್ನೂ ಕೈಯಿಂದ ಬಿಡುವುದಿಲ್ಲ.

ಗುಣಪಾಲ ಹಣೆ ಚಚ್ಚಿಕೊಂಡ. ಲೆಕ್ಕ ಓದಿದವರು ಮಾಡದ ಕೆಲಸ, ಅಚ್ಚಿನವರು ಮಾಡದೆ ಬಿಡದ ಕೆಲಸ! ಕಲ್ಲಲ್ಲಿ ಕೆತ್ತಿದ ಪಿಡಿಎಫ್ ಎಂಬ ಮಾತನ್ನು ನಂಬಿ ಪ್ರಿಂಟಿನ ಅಂಗಡಿಯ ಮೆಟ್ಟಿಲನ್ನೇ ಹತ್ತಿರಲಿಲ್ಲವಲ್ಲ. ಠಾಣೆಯಿಂದ ನಡೆದರೆ ಹತ್ತು ನಿಮಿಷದ ದಾರಿ.

ಮಧ್ಯಾಹ್ನ 12.15ಕ್ಕೆ ಇಬ್ಬರೂ ಸಾದಾ ಉಡುಪಿನಲ್ಲಿ ಕಮಲಾಕ್ಷ ಶೆಟ್ಟಿಗಾರನ ಅಂಗಡಿಗೆ ಹೋದರು. ಎರಡು ಝೆರಾಕ್ಸ್ ಯಂತ್ರ, ಎರಡು ಕಂಪ್ಯೂಟರು, ಮದುವೆ ಕಾಗದಗಳ ಮಾದರಿ ತೂಗುಹಾಕಿದ ಗೋಡೆ. ಕೌಂಟರಿನಲ್ಲಿ ಕಮಲಾಕ್ಷ ಲ್ಯಾಮಿನೇಷನ್ ಮಾಡುತ್ತಿದ್ದ. ಒಳಗಿನ ಕಂಪ್ಯೂಟರಿನ ಮುಂದೆ ನಲವತ್ತರ ಸುಮಾರಿನ ಹೆಂಗಸೊಬ್ಬಳು ಕೂತಿದ್ದಳು.

“ಒಂದು ಸಣ್ಣ ಬೋರ್ಡು ಆಗಬೇಕಾಗಿತ್ರಿ,” ಎಂದ ಗುಣಪಾಲ.

“ನಾಗವೇಣಿಯವರೇ, ಇವರದ್ದು ನೋಡಿ ಅಲ್ವಾ,” ಎಂದ ಕಮಲಾಕ್ಷ. “ಡಿಸೈನಿನ ಕೆಲಸ ಎಲ್ಲ ಅವರದ್ದೇ ಸರ್. ನನಗೆ ಆ ಕೋರಲ್ ಗೀರಲ್ ಸಾಫ್ಟ್‌ವೇರ್ ಎಂತದೂ ಬರುವುದಿಲ್ಲ.”

ನಾಗವೇಣಿ ಸ್ಟೂಲು ಸರಿಸಿ ಸೋನಾಲಿಗೆ ಕೂರಲು ಹೇಳಿದಳು. ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಂಬ ಒಂದು ಸಾಲನ್ನು ಮರಾಠಿಯಲ್ಲಿ ಟೈಪ್ ಮಾಡಿ, ಚೌಕಟ್ಟು ಹಾಕಿ, ಬಣ್ಣ ತುಂಬಿ ಪರದೆಯನ್ನು ಅವರ ಕಡೆ ತಿರುಗಿಸಿದಳು. ಅವರು ಸರಿ ಎಂದದ್ದೇ ತಡ, ಅವಳ ಎಡಗೈ ಬೆರಳುಗಳು ಕೀಲಿಮಣೆಯ ಮೇಲೆ ಎರಡು ಸಲ ತಟ್ಟಿದವು. ಕಣ್ಣು ಆ ಕಡೆ ಹೋಗಲೂ ಇಲ್ಲ. ಪರದೆಯ ಮೇಲಿನ ಅಕ್ಷರಗಳ ಅಂಚಿಗೆಲ್ಲ ಪುಟ್ಟ ಪುಟ್ಟ ಗಂಟು ಮೂಡಿದವು.

“ಈಗೇನು ಮಾಡಿದ್ರಿ?” ಗುಣಪಾಲ ಕೇಳಿದ.

“ಕರ್ವ್ ಮಾಡ್ದೆರಿ. ಇಲ್ಲಂದ್ರ ಪ್ರೆಸ್‌ನಾಗ ಅಕ್ಷರ ಕೆಡತಾವ.”

“ಎಲ್ಲಾ ಫೈಲಿಗೂ ಮಾಡ್ತೀರೇನು?”

“ಹದಿನೈದು ವರ್ಷ ಆತ್ರಿ, ಒಂದೂ ಬಿಟ್ಟಿಲ್ಲ.” ಹೆಮ್ಮೆಯಿಂದ ಹೇಳಿದವಳು ಸ್ಟೂಲಿನಲ್ಲಿ ಕೂರದೆ ಸೆಟೆದು ನಿಂತ ಸೋನಾಲಿಯನ್ನು, ಗುಣಪಾಲನ ಪೊಲೀಸ್ ಬೂಟನ್ನು ನೋಡಿದಳು. ಕೈ ಮೌಸಿನಿಂದ ಕೆಳಗಿಳಿಯಿತು. “ಹದಿನಾಕನೇ ಪುಟದ ಸಲುವಾಗಿ ಬಂದೀರೇನ್ರಿ?”

ಕಮಲಾಕ್ಷ ಲ್ಯಾಮಿನೇಷನ್ ಯಂತ್ರ ಬಿಟ್ಟು ಒಳಗೆ ಬಂದ. “ದೇವರಾಣೆ ನನಗೆ ಎಂತದೂ ಗೊತ್ತಿಲ್ಲ ಸರ್,” ಎಂದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

“ಯಾರು ಹೇಳಿ ಮಾಡಿಸಿದ್ರು?” ಗುಣಪಾಲ ಕೇಳಿದ.

“ಯಾರೂ ಇಲ್ರಿ. ನಾನೇ ಮಾಡೀನಿ.”

“ಆ ಹನ್ನೊಂದು ಎಲ್ಲಿಂದ ಬಂದವು? ಮನಸಿಗೆ ಬಂದಂಗ ಇಟ್ಟೀರಿ?”

ನಾಗವೇಣಿಗೆ ಮೊದಲ ಸಲ ಸಿಟ್ಟು ಬಂತು. “ಸುಳ್ಳು ಇಟ್ಟಿಲ್ರಿ ನಾ. ಒಂದೂ ಸುಳ್ಳಿಲ್ಲ. ಮನಿಗೆ ಬರ್ರಿ, ಚೀಟಿ ಅದಾವ.”

ಅಂಗಡಿಯ ಕಂಪ್ಯೂಟರಿನಲ್ಲಿ ಹದಿನಾಲ್ಕನೇ ಪುಟದ ಕೋರಲ್ ಫೈಲು ಸಿಕ್ಕಿತು: ಮೇ 29, ಮಧ್ಯಾಹ್ನ 3.52. ಆ ಒಂದು ಪುಟವನ್ನು ಕೋರಲ್‌ನಲ್ಲಿ ತೆರೆದು, ಚುಕ್ಕೆ ಇಟ್ಟು, ಮತ್ತೆ ಪಿಡಿಎಫ್ ಮಾಡಿ ಅದೇ ಪೆನ್‌ಡ್ರೈವಿಗೆ ಹಾಕಿದ್ದಳು. ಪಂಚನಾಮೆ ಮುಗಿಸಿ, ಜೀಪಿನಲ್ಲಿ ಮುಂಬ್ರಾದ ಗುಡ್ಡದ ಬುಡದಲ್ಲಿದ್ದ ಅವಳ ಒಂದೇ ಕೋಣೆಯ ಖೋಲಿಗೆ ಹೋಗುವಾಗ ಮೂರೂವರೆ ಆಗಿತ್ತು. ಕಬ್ಬಿಣದ ಟ್ರಂಕಿನಿಂದ ಅವಳು ಮದುವೆ ಕಾಗದದ ದೊಡ್ಡ ಲಕೋಟೆಯೊಂದನ್ನು ತೆಗೆದಳು. ಒಳಗೆ ಸರಕಾರಿ ಆಸ್ಪತ್ರೆಯ ಎದೆರೋಗ ವಿಭಾಗದ ಚೀಟಿಗಳು. ಕೆಲವು ಹಳದಿಗಟ್ಟಿದ್ದವು, ಒಂದು ಮಡಿಕೆಯಲ್ಲಿ ಹರಿದು ಎರಡಾಗಿತ್ತು.

“ಸೋನಾಲಿ, ನೀ ಓದು,” ಎಂದು ಗುಣಪಾಲ ತನ್ನ ಡೈರಿ ಬಿಡಿಸಿದ.

“ಅಂಬಾರಾಯ. ಕಾಮ್, ನೌ ಸಾಲ್. ಇಕತೀಸ್.”

ಡೈರಿಯ ಮೊದಲ ಸಾಲು: ಒಂಬತ್ತಕ್ಕೆ ಮೂವತ್ತೊಂದು. ಗುಣಪಾಲ ಗೀಟು ಹಾಕಿದ.

“ಮಲ್ಲಪ್ಪ. ಚೌದಾ ಸಾಲ್. ಛಬ್ಬೀಸ್.”

ಹದಿನಾಲ್ಕಕ್ಕೆ ಇಪ್ಪತ್ತಾರು. ಇನ್ನೊಂದು ಗೀಟು.

ಹನ್ನೊಂದು ಚೀಟಿ, ಹನ್ನೊಂದು ಗೀಟು. ಒಂದೂ ಆಚೀಚೆ ಆಗಲಿಲ್ಲ. ಕೊನೆಕೊನೆಗೆ ಸೋನಾಲಿಯ ದನಿ ಸಣ್ಣದಾಗುತ್ತ ಹೋಗಿತ್ತು.

“ಅಂಬಾರಾಯ ನಮ್ಮ ಮನಿಯವರು,” ಎಂದಳು ನಾಗವೇಣಿ. “ಅಫಜಲಪುರದಿಂದ ಬಂದು ಒಂಬತ್ತು ವರ್ಷ ಕಲ್ಲು ಅರದ್ರು. ಎಂಟು ವರ್ಷ ಆತು ಹೋಗಿ. ಉಳಿದವರು ಅವರ ಜೋಡಿಯವರು. ಇಬ್ಬರು ಉಸಿರು ಆಡದೆ ಊರಿಗೆ ಹೋಗ್ಯಾರ, ಮತ್ತ ಎಲ್ಲಾರೂ ಸತ್ತಾರ. ಅವರ ಹೆಂಡಂದಿರು ಚೀಟಿ ನನ್ನ ಕೈಯಾಗ ಕೊಟ್ಟಿದ್ರು, ಓದು ಬರತದ ಅಂತ.”

“ಡಾಕ್ಟರಿಗೆ ಯಾಕ ಹೇಳ್ಲಿಲ್ಲ?”

“ಹೇಳೀನಲ್ರಿ! ಪ್ರೂಫ್ ನೋಡಾಕ ಬಂದಾಗ ಅಂಗಡ್ಯಾಗೇ ಕೇಳ್ದೆ. ಸಾಹೇಬ್ರ, ಸತ್ತವರ ಚೀಟಿ ಅದಾವ, ಹಾಕ್ತೀರೇನು ಅಂತ. ಹಾಜರಿ ಪಟ್ಟಿಯೊಳಗ ಹೆಸರಿಲ್ಲದವರು ಈ ಅಧ್ಯಯನಕ್ಕ ಬರೂದಿಲ್ಲಮ್ಮಾ, ನೀವು ಬೈಂಡಿಂಗ್ ನೋಡ್ರಿ ಅಂದ್ರು.” ಅವಳು ಚೀಟಿಗಳನ್ನು ಅಂಚು ಸರಿಯಾಗುವಂತೆ ಜೋಡಿಸಿದಳು. “ಆ ಮೂಲಿ ಖಾಲಿ ಇತ್ರಿ. ಅಲ್ಲಿ ಅವರೇ ಇರಬೇಕಾಗಿತ್ತು. ಬಾಜೂ ಪುಟದಾಗ ಬರದಿದ್ರು, ಬಾಳ ವರ್ಷ ದುಡಿದವರಿಗೆ ಹೆಚ್ಚಿಗಿ ತ್ರಾಸ ಕಾಣೂದಿಲ್ಲ ಅಂತ. ಓದಿ ಹೊಟ್ಟಿ ಉರೀತು. ಎಲ್ಲಿಂದ ಕಾಣಬೇಕ್ರಿ? ತ್ರಾಸ ಆದವರು ಊದಾಕ ಬದುಕಿರಬೇಕಲ್ಲ?”

ಗುಣಪಾಲ ಡೈರಿ ಮುಚ್ಚಿದ. ಹದಿನೆಂಟು ವರ್ಷದಲ್ಲಿ ಸುಳ್ಳು ದಾಖಲೆ ಮಾಡಿದವರನ್ನು ಎಷ್ಟೋ ಕಂಡಿದ್ದ. ನಿಜವನ್ನು ತಂದು ಸುಳ್ಳು ಮಾಡಿಕೊಂಡವಳನ್ನು ಕಂಡದ್ದು ಇದೇ ಮೊದಲು.

“ನಿಮ್ಮ ಈ ಕೆಲಸದಿಂದ ಒಂದು ಹುಡುಗಿ ಸೋಮವಾರ ಜೈಲಿಗೆ ಹೋಗಾಕಿ ಇದ್ದಳು,” ಎಂದ. “ಇಡೀ ವರದಿನೇ ಸುಳ್ಳಂತ ಆಚಿಯವರು ನಗಾಕತ್ತಾರ. ಬದುಕಿದವರ ಕೇಸೂ ಹೋಗತೈತಿ.”

ಇದು ನಾಗವೇಣಿಗೆ ಗೊತ್ತಿರಲಿಲ್ಲ. “ಹನ್ನೊಂದೇ ಅಲ್ರಿ... ಒಂಬತ್ತು ಸಾವಿರದಾಗ ಯಾರು ಎಣಸ್ತಾರ ಅಂದ್ಕೊಂಡೆ. ಆ ಹುಡುಗಿ ಹೆಸರೂ ನನಗೆ ಗೊತ್ತಿಲ್ಲ.” ಟ್ರಂಕಿನ ಮುಚ್ಚಳ ಹಾಕಿ, “ನಡೀರಿ, ಎಲ್ಲಿ ಸಹಿ ಮಾಡಬೇಕು ತೋರಸ್ರಿ,” ಎಂದು ಎದ್ದಳು.

ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ಸಂಜೆ 4.40ಕ್ಕೆ ಸೋನಾಲಿ ಬಂಧನದ ಮೆಮೊ ತುಂಬಿಸಿದಳು. ಲಕೋಟೆ ಜಪ್ತಿಯಾಯಿತು.

ಭಾನುವಾರ ಡಾಕ್ಟರ್ ಉಪಾಧ್ಯರು ಠಾಣೆಗೆ ಬಂದು ಆರೋಪಿಯ ಹೇಳಿಕೆ ಕೇಳಿದರು. ‘ನೀವು ಬೈಂಡಿಂಗ್ ನೋಡಿ’ ಎಂಬಲ್ಲಿಗೆ ಕನ್ನಡಕ ತೆಗೆದು ಒರೆಸತೊಡಗಿದರು. “ಹೇಳಿದ್ದೆ,” ಎಂದರು ಕೊನೆಗೆ. “ಮರೆತೇ ಹೋಗಿತ್ತು.” ಆ ಮೇಲೆ ಅವರು ಫೋನ್ ಮಾಡಲಿಲ್ಲ.

ನಿಶ್ಮಿತಾ ಬಂದದ್ದು ಸೋಮವಾರ, ಲ್ಯಾಪ್‌ಟಾಪ್ ಬಿಡಿಸಿಕೊಳ್ಳುವ ಅರ್ಜಿ ಹಿಡಿದು. ನಿನ್ನ ಮೇಲೆ ಸಂಶಯವಿಲ್ಲ ಎಂದು ಗುಣಪಾಲ ಹೇಳಿದಾಗ ಅವಳು ಬೆಂಚಿನ ಮೇಲೆ ಕೂತು ಅತ್ತುಬಿಟ್ಟಳು. ಅತ್ತು ಮುಗಿದ ಮೇಲೆ ಯಾರು, ಯಾಕೆ ಎಂದು ಕೇಳಿದಳು. ಅವನು ಎಲ್ಲ ಹೇಳಿದ.

“ಆ ವಾಕ್ಯ ಬರೆದದ್ದು ನಾನು ಸರ್,” ಎಂದಳು. “ಹದಿನೈದನೇ ಪುಟದ್ದು. 9,214 ಪರೀಕ್ಷೆ ಇಟ್ಟುಕೊಂಡು, ಆ ಮೂಲೆ ಯಾಕೆ ಖಾಲಿ ಅಂತ ಒಂದು ದಿನವೂ ಯೋಚನೆ ಮಾಡ್ಲಿಲ್ಲ. ಫೈಲು ಹೆವಿ ಆಗ್ತದೆ ಅಂತ ಮಾತ್ರ ಯೋಚನೆ ಮಾಡಿದ್ದು. ಆ ಚೀಟಿಗಳ ನಕಲು ನನಗೆ ಸಿಗಬಹುದಾ?”

“ಅರ್ಜಿ ಬರಿ. ಕೋರ್ಟಿನಿಂದ ತೊಗೊಂಡು ಕೊಡ್ತೀನಿ.”

22ರಂದು ಥಾಣೆಯ ವಿಚಾರಣೆಯಲ್ಲಿ ಗುಣಪಾಲ ಪೊಲೀಸ್ ವರದಿ ಒಪ್ಪಿಸಿದ. ನಿಶ್ಮಿತಾ ಹನ್ನೊಂದು ಚುಕ್ಕೆ ತೆಗೆದ ಮೂಲ ನಕ್ಷೆಯನ್ನು ಕೊಟ್ಟಳು. ಹದಿನೈದನೇ ಪುಟದ ತನ್ನ ವಾಕ್ಯ ತಪ್ಪೆಂದು, ಅಧ್ಯಯನದಲ್ಲಿ ಎಣಿಸಿದ್ದು ಇನ್ನೂ ನಿಂತು ದುಡಿಯಬಲ್ಲವರನ್ನು ಮಾತ್ರ ಎಂದು ತಾನೇ ಎದ್ದು ಹೇಳಿದಳು. ಜೊತೆಗೆ, ಕೋರ್ಟಿನಿಂದ ಸಿಕ್ಕ ಚೀಟಿಗಳ ನಕಲು ನೋಡಿ ಬರೆದ ಬೇರೆಯದೇ ಒಂದು ಹಾಳೆ ಇಟ್ಟಳು. ಮಾಲೀಕರ ವಕೀಲ ಆಕ್ಷೇಪವೆತ್ತಿದ. ಅಧಿಕಾರಿ ಹಾಳೆಯನ್ನು ಎರಡು ಸಲ ಓದಿ, ಕಡತಕ್ಕೆ ಸೇರಿಸಿಕೊಂಡರು. ತೀರ್ಪು ಮುಂದೆ ಹೋಯಿತು, ವರದಿ ಉಳಿಯಿತು.

ಜೂನ್ 25ರಂದು ಕಲ್ಯಾಣದ ಕೋರ್ಟಿನಲ್ಲಿ ನಾಗವೇಣಿಗೆ ಜಾಮೀನಾಯಿತು. ಕೇಸು ಕೇಸೇ, ಚಾರ್ಜ್‌ಶೀಟ್ ಬರೆಯುವವನು ಗುಣಪಾಲನೇ. ವರಾಂಡದಲ್ಲಿ ಸೋನಾಲಿ ಅವಳ ಕೈಗೆ ನೀರಿನ ಬಾಟಲಿ ಕೊಟ್ಟಳು. ನಾಗವೇಣಿ ಕುಡಿಯಲಿಲ್ಲ, ಗುಣಪಾಲನ ಹತ್ತಿರ ಬಂದಳು.

“ಸಾಹೇಬ್ರ, ಆ ಹುಡುಗಿ ಏನೋ ಹಾಳಿ ಕೊಟ್ಟಾಳಂತ. ಒಳಗ ತೊಗೊಂಡ್ರೇನ್ರಿ?”

“ತೊಗೊಂಡ್ರು.”

“ಬರೇ ಚುಕ್ಕಿ ಇಟ್ಟಾಳೋ, ಹೆಸರು ಬರದಾಳೋ?”

“ಹೆಸರು,” ಎಂದ ಗುಣಪಾಲ. “ಹನ್ನೊಂದೂ ಹೆಸರು ಬರದಾಳ. ಮೊದಲನೇದು ಅಂಬಾರಾಯ.”

ಅಂಗಡಿಯಲ್ಲಿ ಸಿಕ್ಕಿಬಿದ್ದಾಗಲೂ ಅಳದ, ಲಾಕಪ್ಪಿನಲ್ಲೂ ಅಳದ ನಾಗವೇಣಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕೋರ್ಟಿನ ಗೋಡೆಗೆ ಒರಗಿ, ಜನ ತಿರುಗಿ ನೋಡುವ ಹಾಗೆ ಅತ್ತಳು. ಗುಣಪಾಲ ಪಕ್ಕದಲ್ಲಿ ನಿಂತಿದ್ದ.